ಅತ್ತೆಗೆ ನಾನು ಕೊಟ್ಟ ಮೂವತ್ತು ಸೆಕೆಂಡ್

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನೊಂದು ಕಣ್ಣಾಸ್ಪತ್ರೆಯನ್ನು ನಿಲ್ಲಿಸಿಬಿಟ್ಟೆ. ಒಂದಲ್ಲ, ತುಮಕೂರು, ಗುಬ್ಬಿ, ಕುಣಿಗಲ್, ಮೂರೂ ಶಾಖೆ. ಅದೂ ತುಮಕೂರಿನ ಶಿರಾ ಗೇಟ್ ಹತ್ತಿರದ ನಮ್ಮ ಮನೆಯ ಊಟದ ಟೇಬಲ್ಲಿನಿಂದ, ನೈಟಿಯಲ್ಲಿ ಕೂತು.

ಗಾಬರಿಯಾಗಬೇಡಿ, ಯಾರ ಕಣ್ಣಿಗೂ ಏನೂ ಆಗಿಲ್ಲ. ನಿಂತಿದ್ದು ಟೋಕನ್ ಕರೆಯೋ ಟಿವಿ. "ಟೋಕನ್ ಸಂಖ್ಯೆ ನಲವತ್ತೊಂದು, ಕೊಠಡಿ ಎರಡಕ್ಕೆ ಬನ್ನಿ" ಅಂತ ಒಂದು ಹೆಣ್ಣುದನಿ ಕರೆಯುತ್ತಲ್ಲ, ಅದರ ಹಿಂದಿರೋ ಜಾವಾ ಪ್ರೋಗ್ರಾಂ ಬರೆದ ಪುಣ್ಯಾತ್ಗಿತ್ತಿ ನಾನೇ.

ಕುಣಿಗಲ್ ಶಾಖೆಯಿಂದ ಕಂಪ್ಲೇಂಟ್ ಬಂದಿತ್ತು. ಆಗಾಗ ಯಾರದೋ ನಂಬರ್ ಹಾರಿಹೋಗುತ್ತೆ, ಪಾಪ ಅವರು ಸಾಲಿನ ಕೊನೆಗೆ ಬೀಳ್ತಾರೆ ಅಂತ. ನನ್ನ ಲ್ಯಾಪ್‌ಟಾಪಲ್ಲಿ ಹತ್ತು ಸಲ ಓಡಿಸಿ ನೋಡಿದೆ. ಒಂದು ನಂಬರಾದ್ರೂ ಹಾರಬೇಕಲ್ಲ? ಊಹೂಂ. ಇಂಥ ಹೊತ್ತಲ್ಲಿ ನಮ್ಮ ಕಸುಬಿನವರು ಹೇಳೋದು ಒಂದೇ ಮಾತು: "ನನ್ನ ಹತ್ರ ಸರಿಯಾಗೇ ಇದೆಯಲ್ಲ!" (ಇದನ್ನ ಕೇಳಿ ಕೇಳಿ ಆಸ್ಪತ್ರೆಯವರಿಗೆ ಸಾಕಾಗಿದೆ.)

ಅಸಲಿ ಪ್ರೋಗ್ರಾಂ ಇರೋದು ಎಲ್ಲೋ ದೂರದ ಸರ್ವರ್‌ನಲ್ಲಿ, ಕಂಟೇನರ್ ಅನ್ನೋ ಡಬ್ಬಿಯೊಳಗೆ. ಮನೆಯಿಂದಲೇ ಅದಕ್ಕೆ ಕನೆಕ್ಟ್ ಆಗಿ, ಅನುಮಾನ ಇರೋ ಸಾಲಿನ ಮೇಲೆ ಬ್ರೇಕ್‌ಪಾಯಿಂಟ್ ಅಂತ ಒಂದು ಕೆಂಪು ಚುಕ್ಕೆ ಇಡಬಹುದು. ಪ್ರೋಗ್ರಾಂ ಅಲ್ಲಿಗೆ ಬಂದ ತಕ್ಷಣ ಸ್ಟ್ಯಾಚು! ಆಗ ಒಳಗೇನಿದೆ ಅಂತ ಇಣುಕಬಹುದು. ಜನ ಬಳಸ್ತಿರೋ ಸಿಸ್ಟಮ್ಮಿಗೆ ಹೀಗೆ ಕೈ ಹಾಕಲೇಬಾರದು. ಹಾಕಿದ್ರೂ, ಬೇಕಾದ ಭಾಗ ಮಾತ್ರ ನಿಲ್ಲಲಿ ಅಂತ ಟಿಕ್ ಮಾಡಬೇಕು. ಮರೆತೆ. ಹದಿನೆಂಟು ವರ್ಷದ ನನ್ನ ಎಕ್ಸ್‌ಪೀರಿಯನ್ಸಿಗೆ ಬೆಂಕಿ ಹಾಕ!

ಇಡೀ ಪ್ರೋಗ್ರಾಂ ನಿಂತಿದ್ದು ಗೊತ್ತಿಲ್ಲದೆ, ಕಾಫಿ ಕುಡೀತಾ ಇಣುಕ್ತಿದ್ದೆ. ಅತ್ತೆಯ ಫೋನು ಬಂತು.

ಅತ್ತೆ ಅವತ್ತು ಗುಬ್ಬಿಗೆ ಹೋಗಿದ್ರು. ಪೊರೆ ಆಪರೇಷನ್ ಆಗಿ ಒಂದೂವರೆ ತಿಂಗಳು, ಅವರ ಡಾಕ್ಟರು ಮಂಗಳವಾರ ಗುಬ್ಬಿ ಶಾಖೆಯಲ್ಲಿ ಕೂರ್ತಾರೆ. ಅವತ್ತು ಕನ್ನಡಕಕ್ಕೆ ಬರೆದುಕೊಡೋ ದಿನ. "ನೀನೂ ಬಾರೇ" ಅಂದಿದ್ರು. "ಕೆಲಸ ಇದೆ ಅತ್ತೆ" ಅಂದು ಬಸ್ಸು ಹತ್ತಿಸಿ ಬಂದಿದ್ದೆ. ಹೋದ ಸಲವೂ ಹಾಗೇ ಮಾಡಿದ್ದೆ.

"ಸುಮಾ, ಇಲ್ಲಿ ಟಿವಿ ನಿಂತೋಗೈತೆ ಕಣೇ. ನಲವತ್ತೊಂದು ಅಂತ ತೋರಿಸ್ಕೊಂಡು ಕೂತೈತೆ. ನಂದು ನಲವತ್ತೆರಡು."

ಟಿಕ್ ಮಾಡೋದು ಮರೆತಿದ್ದು ಆಗ ಹೊಳೀತು. "ಈಗ ಸರಿಹೋಗುತ್ತೆ ಅತ್ತೆ" ಅಂತ ಮುಂದಕ್ಕೆ ಓಡಿಸೋ ಬಟನ್ನಿಗೆ ಕೈ ಚಾಚಿದೆ.

"ನಿಂತ್ರೆ ನಿಂತ್ಕೊಳ್ಳಿ ಬುಡು. ನಾನು ಬಾಗ್ಲ ಪಕ್ಕಕ್ಕೇ ಬಂದು ನಿಂತ್ಕೊಂಡಿದೀನಿ, ಅರ್ಧ ಗಂಟೆಯಿಂದ."

"ನಿಂತಿದೀರಾ? ಆ ಮಂಡಿ ಇಟ್ಕೊಂಡು?"

"ಇನ್ನೇನ್ ಮಾಡ್ಲಿ? ಹೋದ್ಸಲ ನಂಬರ್ ಕೂಗಿದ್ರು. ಕೋಲು ಹಿಡ್ಕೊಂಡು ಎದ್ದು ಹೋಗೋ ಹೊತ್ಗೆ ಮುಂದಿನವ್ರನ್ನ ಕೂಗ್ಬುಟ್ರು. ಎಲ್ರುದೂ ಆದ್ಮೇಲೆ ನಂಗೆ ಬಂತು. ಎರಡು ಗಂಟೆ ಕೂತಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ಏನಂತ ಹೇಳ್ಲಿ? ನಂದೇ ತಪ್ಪು. ಬಿರ್ರನೆ ಏಳ್ಬೇಕಿತ್ತು."

ಚಾಚಿದ ಕೈ ಅಲ್ಲೇ ಉಳೀತು. ಪರದೆಯ ಮೇಲೆ, ಕೆಂಪು ಚುಕ್ಕೆಯ ಪಕ್ಕ, ನಾನೇ ಬರೆದ ಸಾಲು: ಕರೆದ ಮೂವತ್ತು ಸೆಕೆಂಡಿನಲ್ಲಿ ಬಾರದವರನ್ನು ಕೊನೆಗೆ ಕಳಿಸು. ಪ್ರೋಗ್ರಾಂ ಕೆಟ್ಟಿರಲಿಲ್ಲ, ಹೇಳಿದ ಹಾಗೇ ಕೇಳಿತ್ತು. ನನ್ನ ಲ್ಯಾಪ್‌ಟಾಪಲ್ಲಿ ನಂಬರ್ ಯಾಕಾದ್ರೂ ಹಾರುತ್ತೆ? ಇಲ್ಲಿ ಯಾರೂ ಕುರ್ಚಿಯಿಂದ ಏಳಬೇಕಿಲ್ಲ. ರೋಗಿ ಬಾಗಿಲಿಗೆ ಬಂದಾಗ ಅಲ್ಲಿನವರು ಒತ್ತೋ "ಬಂದರು" ಬಟನ್ನನ್ನ ಇಲ್ಲಿ ಒತ್ತೋದು ನನ್ನದೇ ಬೆರಳು.

ದೇವರಾಯನದುರ್ಗದ ಮೆಟ್ಟಿಲನ್ನ ನನಗಿಂತ ಮೊದಲು ಹತ್ತಿ, ಮೇಲಿಂದ "ಬಾರೇ ಸೋಂಬೇರಿ" ಅಂತ ಕೂಗ್ತಿದ್ದ ಹೆಂಗಸು ನಮ್ಮತ್ತೆ. ಬಚ್ಚಲಲ್ಲಿ ಬಿದ್ದ ಮೇಲೆ ಆ ಕಾಲು ಮೊದಲಿನ ಹಾಗಿಲ್ಲ. ಊಟಕ್ಕೆ ಕರೆದ್ರೆ ರೂಮಿನಿಂದ ಬರೋಕೆ ಎಷ್ಟೊತ್ತಾಗುತ್ತೆ ಅಂತ ದಿನಾ ನೋಡ್ತೀನಿ. ಕೋಡ್ ಬರೆಯೋವಾಗ ಮಾತ್ರ ನೆನಪಾಗಲಿಲ್ಲ. ನಾಚಿಕೆಯಾಯ್ತು.

ಪ್ರೋಗ್ರಾಂ ಬಂದ್ ಮಾಡಿ ಮತ್ತೆ ಶುರು ಮಾಡಿದ್ರೆ ಬೆಳಗಿನಿಂದ ಕಾದವರ ಟೋಕನ್ನೆಲ್ಲ ಅಳಿಸಿಹೋಗುತ್ತೆ. ಪುಣ್ಯಕ್ಕೆ, ಜಾವಾದಲ್ಲಿ ಸಣ್ಣಪುಟ್ಟ ಬದಲಾವಣೆಯನ್ನ ಬಂದ್ ಮಾಡದೆ ಒಳಗೇ ಸೇರಿಸಬಹುದು. ಟೀಮ್ ಲೀಡ್‌ಗೆ ಮೆಸೇಜ್ ಹಾಕಿದೆ. "ಮಾಡಿ ಮೇಡಂ, ಬೇಗ" ಅಂದ್ರು. ಮೂವತ್ತನ್ನ ಅಳಿಸಿ ನೂರೆಂಬತ್ತು ಮಾಡಿ ಕಳಿಸಿದೆ. (ಕಂಟೇನರ್ ಮತ್ತೆ ಶುರುವಾದ್ರೆ ಈ ರಿಪೇರಿ ಉಳಿಯಲ್ಲ. ಸಂಜೆ ಖಾಯಂ ಮಾಡಿದೆ.)

"ಅತ್ತೆ, ಹೋಗಿ ಕೂತ್ಕೊಳ್ಳಿ. ಕರೆದ ಮೇಲೆ ಎದ್ರೆ ಸಾಕು."

"ಆಮೇಲೆ ನನ್ನ ನಂಬರ್ ಹೋಗ್ಬುಟ್ರೆ?"

"ಹೋಗಲ್ಲ. ನಾನ್ ಹೇಳ್ತಿದೀನಲ್ಲ."

ನನ್ನ ಮಾತು ನಂಬಿ ಹೋಗಿ ಕೂತ್ರು. ನಾನು ಕೆಂಪು ಚುಕ್ಕೆ ತೆಗೆದು, ಮುಂದಕ್ಕೆ ಓಡಿಸೋ ಬಟನ್ ಒತ್ತಿದೆ. ಅತ್ತೆಗೆ ಫೋನ್ ಕಟ್ ಮಾಡೋ ಅಭ್ಯಾಸವಿಲ್ಲ, ಹಾಗೇ ಬ್ಯಾಗಿಗೆ ಹಾಕ್ಕೊಂಡ್ರು. ನಾನೂ ಕಟ್ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಹೆಣ್ಣುದನಿ: "ಟೋಕನ್ ಸಂಖ್ಯೆ ನಲವತ್ತೆರಡು." ಮನಸ್ಸಲ್ಲೇ ಎಣಿಸೋಕೆ ಶುರು ಮಾಡಿದೆ. ಹತ್ತಕ್ಕೆ ಕುರ್ಚಿ ಕಿರ್ರಂತು. ಇಪ್ಪತ್ತಕ್ಕೆ "ಅಪ್ಪಾ ಶಿವನೇ" ಅಂದ್ರು. ಮೂವತ್ತಕ್ಕೆ ಕೋಲಿನ ಮೊದಲ ಸದ್ದು. ನನ್ನ ಹಳೇ ಲೆಕ್ಕದಲ್ಲಿ ಅತ್ತೆ ಆಗಲೇ ಗೈರುಹಾಜರು. ಎಪ್ಪತ್ತೆಂಟಕ್ಕೆ ಡಾಕ್ಟರ ದನಿ ಕೇಳಿಸ್ತು, "ಬನ್ನಿ ಅಮ್ಮ, ನಿಧಾನ." ಊಟದ ಟೇಬಲ್ ಮುಂದೆ ಕೂತು ಅತ್ತುಬಿಟ್ಟೆ.

ಸಂಜೆ ಕಾಲಿಗೆ ಎಣ್ಣೆ ಹಚ್ಕೊಳ್ತಾ ಅತ್ತೆ ಅಂದ್ರು, "ಇವತ್ತು ಆ ಮಿಷನ್ನು ನನ್ನ ಕಾಯ್ತು ಕಣೇ." ಸೊಸೆ ಏನೋ ಕಂಪ್ಯೂಟರ್ ಕೆಲಸ ಮಾಡ್ತಾಳೆ ಅಂತಷ್ಟೇ ಅವರಿಗೆ ಗೊತ್ತು. ಅದನ್ನ ಹೇಳೋ ಬದಲು, ಎಣ್ಣೆ ಬಟ್ಟಲು ಇಸ್ಕೊಂಡು ನಾನೇ ಹಚ್ಚಿದೆ.

ಕನ್ನಡಕ ಈ ವಾರ ಬರುತ್ತೆ. ಹಾಕ್ಕೊಂಡು ಮೊದಲು ಓದೋದು ನಿನ್ನ ಅಂಕಣಾನೇ ಅಂದಿದಾರೆ. ಹಾಗಾಗಿ ಉಳಿದವರು ಕ್ಷಮಿಸಿ, ಈ ಕೊನೇ ಸಾಲು ಒಬ್ಬರಿಗೇ.

ಅತ್ತೆ, ಅವತ್ತು ನೀವು ತಡ ಮಾಡಲಿಲ್ಲ, ನಾನು ಕಾಯಲಿಲ್ಲ.