ಕ್ಯಾಮೆರಾದ ಕೆಳಗೊಂದು ಕಂಬಳಿ

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಅವ್ವ ದಿನದಿನಕ್ಕೆ ಸೊರಗುತ್ತಿದ್ದಳು. ಅವಳದೊಂದು ಫೋಟೊ ಇರಲೆಂದು ಹೊಲದ ಕೆಲಸ ಬಿಟ್ಟು, ಬೀದರಿನ ಫೋಟೊಗ್ರಾಫರನನ್ನು ಚಕ್ಕಡಿಯಲ್ಲಿ ನಮ್ಮೂರು ಭಾತಂಬ್ರಾಕ್ಕೆ ಕರೆತಂದೆ. ಲೆನ್ಸಿಗೆ ಅವನು ಕಾಚು ಅನ್ನುತ್ತಿದ್ದ; ಅದನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಅವನದು ಒಂದೇ ಮಾತು: “ಕಾಚು ಬಿದ್ದರ ಹ್ಯಾಂಗ್ರಿ?” ಕೇಳಿ ಕೇಳಿ ಎತ್ತುಗಳಿಗೂ ಸಾಕಾಗಿತ್ತು.

ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಲೆನ್ಸ್ ಬಿದ್ದರೆ ಒಡೆಯಬಾರದೆಂದು ಕೆಳಗೆ ಕಂಬಳಿ ಹಿಡಿಯಲು ಹೇಳಿದ. ನಾನು, ಹೆಂಡತಿ, ತಮ್ಮ ಮೂರು ಮೂಲೆ ಹಿಡಿದೆವು. ನಾಲ್ಕನೆಯದನ್ನು ಅವ್ವನ ಕೈಗೇ ಕೊಟ್ಟು, ಕರಿ ಬಟ್ಟೆಯೊಳಗೆ ತಲೆ ತೂರಿಸಿದ.

“ಅವ್ವಾರು ಎಲ್ಲಿ ಹೋದರ್ರಿ? ಕಾಣವಲ್ಲರು!”

“ನಿಮ್ಮ ಕಂಬಳಿ ಹಿಡಕೊಂಡು ನಿಂತಾಳ್ರಿ!” ಎಂದು ಒದರಿದೆ.

ಅವ್ವ ಮೂಲೆ ಕೈಬಿಟ್ಟು, ಹೋಗಿ ಎದುರಿಗೆ ಕುಳಿತಳು.

“ಜಲ್ದಿ ತೆಗಿಯೋ ಬಾಬಾ. ನಿನ್ನ ಕಾಚಿಗಿಂತ ಮೊದಲ ನಾ ಬೀಳ್ತೇನಿ.”