ಒಂದು ಗೆಲುವಿಗೆ ಕಾದ ಬೇಸಿಗೆ

ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯನ್ನು ನೆನೆದರೆ ಇವತ್ತಿಗೂ ನನ್ನ ಸೊಂಟ ನೋಯುತ್ತದೆ. ನಲವತ್ತರ ಹತ್ತಿರ ಬಂದಿದ್ದ ನಮ್ಮ ಯಜಮಾನರು ಆಫೀಸಿನ ಆಸ್ಟ್ರೇಲಿಯನ್ ಹುಡುಗರ ಜೊತೆ ಅವರ ದೇಶದ ಫುಟ್‌ಬಾಲ್ ಆಡಲು ಹೊರಟಿದ್ದರು. ಆಗ ನಾವಿದ್ದ ಲಂಡನ್ನಿನ ಸುತ್ತಮುತ್ತಲ ತಂಡಗಳ ಪುಟ್ಟ ಲೀಗ್ ಅದು. ಇವರ ತಂಡಕ್ಕೆ ಜನ ಸಾಲುತ್ತಿರಲಿಲ್ಲ. ಕುಂದಾಪುರದಲ್ಲಿ ಕಬಡ್ಡಿ ಆಡಿದವರೆಂಬುದೇ ದೊಡ್ಡ ಅರ್ಹತೆಯಾಯಿತು.

ಮೊಟ್ಟೆಯಾಕಾರದ ಚೆಂಡು. ಒದೆಯುವುದೂ ಉಂಟು, ಕೈಯಲ್ಲಿ ಹಿಡಿದು ಓಡುವುದೂ ಉಂಟು. ಶನಿವಾರ ಪಂದ್ಯ ಮುಗಿದರೆ ಇಡೀ ತಂಡದ ಜೆರ್ಸಿಗಳು ಈಸ್ಟ್ ಹ್ಯಾಮಿನ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದವು. ಸರದಿಯಂತೆ ಒಬ್ಬೊಬ್ಬರು ಒಗೆಯಬೇಕೆಂಬ ಪದ್ಧತಿಯೇನೋ ಇತ್ತು. ಆದರೆ ಒಂದೇ ಮನೆಯಲ್ಲಿ ಹಿಂಡಾಗಿದ್ದ ಆ ಹುಡುಗರ ವಾಷಿಂಗ್ ಮೆಷಿನ್ ಯಾವಾಗಲೂ ಕೆಟ್ಟಿರುತ್ತಿತ್ತು. ಕೆಸರು ಬಿಡಿಸಲು ನಾನು ಬಾತ್‌ಟಬ್ಬಿನ ಪಕ್ಕ ಮಂಡಿಯೂರುತ್ತಿದ್ದೆ. ವಾರವಿಡೀ ಸೀರೆ ಅಂಗಡಿಯಲ್ಲಿ ನಿಂತು ದುಡಿದವಳಿಗೆ ಭಾನುವಾರವೂ ಇರಲಿಲ್ಲ.

ಸಾಕೆಂದು ಜಗಳ ತೆಗೆದಾಗ ಇವರು ಮಾತು ಕೊಟ್ಟರು, ಒಂದೇ ಒಂದು ಪಂದ್ಯ ಗೆದ್ದರೆ ಆಟ ಬಿಟ್ಟುಬಿಡುತ್ತೇನೆಂದು. ಅಂದಿನಿಂದ ಆ ತಂಡಕ್ಕೆ ನನ್ನಂಥ ಅಭಿಮಾನಿ ಬೇರೆ ಇರಲಿಲ್ಲ. ಅವರೋ ವಾರವಾರವೂ ಮಣ್ಣು ಮುಕ್ಕಿ ಬರುತ್ತಿದ್ದರು.

ಸೀಸನ್ನಿನ ಕೊನೆಯ ಪಂದ್ಯಕ್ಕೆ ನಾನೂ ಹೋದೆ. ಇನ್ನೇನು ಮುಗಿಯಿತು ಅನ್ನುವಾಗ ನಾವೇ ತುಸು ಮುಂದಿದ್ದೆವು. ನಾನು ಮನಸ್ಸಿನಲ್ಲೇ ಮರುದಿನದ ನಿದ್ದೆ ಶುರು ಮಾಡಿದ್ದೆ. ಅಷ್ಟರಲ್ಲಿ ನಮ್ಮ ಗೋಲಿನ ಮುಂದೆಯೇ ಎದುರಾಳಿಯೊಬ್ಬನನ್ನು ಇವರು ಸೊಂಟಕ್ಕೆ ಕೈಹಾಕಿ ಹಿಡಿದರು. ಅವನು ಚೆಂಡನ್ನು ಬೇರೆಯವನಿಗೆ ದಾಟಿಸಿದ. ಚೆಂಡು ಹೋದ ಮೇಲೆ ಆಳನ್ನು ಬಿಡಬೇಕು, ಅದು ಅಲ್ಲಿಯ ನಿಯಮ. ಕಬಡ್ಡಿ ಆಡಿದ ಕೈ ಹಿಡಿದವನನ್ನು ಬಿಡುವುದುಂಟೇ? ಬಿಡು ಬಿಡು ಎಂದು ನಾಯಕ ಗಂಟಲು ಹರಿದುಕೊಂಡಷ್ಟೂ ಇವರು ಗಟ್ಟಿಯಾಗಿ ತಬ್ಬಿದರು. ಅಂಪೈರ್ ಸೀಟಿ ಊದಿದ. ಫ್ರೀ ಕಿಕ್ ಸಿಕ್ಕಿದವನು ಗೋಲು ಹೊಡೆದ, ನಾವು ಸೋತೆವು.

ವಾಪಸಾಗುವಾಗ ಟ್ಯೂಬ್ ರೈಲಿನಲ್ಲಿ ಜೆರ್ಸಿಗಳ ಚೀಲ ನಮ್ಮಿಬ್ಬರ ಕಾಲ ನಡುವೆ ಇತ್ತು. ನನಗೆ ಅಳು ಬರುವಷ್ಟು ಸಿಟ್ಟು. ಬಾಯಿ ತೆರೆದರೆ ಇಡೀ ಬೋಗಿ ತಿರುಗಿ ನೋಡೀತೆಂದು ತಡೆದುಕೊಂಡಿದ್ದೆ. ಇವರು ಊದಿದ ಮಂಡಿ ಸವರುತ್ತ, "ಸಾಕ್ ಮಾರಾಯ್ತಿ, ಬಪ್ಪ ವರ್ಷ ನಾನ್ ಹೋಪುದಿಲ್ಲ" ಎಂದರು.

ಮುಂದಿನ ವರ್ಷ ಆಟಕ್ಕೆ ಹೋಗುವುದಿಲ್ಲವೆಂಬ, ಇಡೀ ಬೇಸಿಗೆ ನಾನು ಕಾದಿದ್ದ ಮಾತು. ಅದನ್ನು ಹೇಳುವಾಗ ಅವರ ಮುಖ ನೋಡಬಾರದಿತ್ತು, ನೋಡಿಬಿಟ್ಟೆ.

"ಸೋತ್ಕಂಡ್ ಬಿಡುದ್ ಬ್ಯಾಡ," ಎಂದೆ. "ಗೆದ್ಕಂಡೇ ಬಿಡಿ."