ಹಳೇ ನೀರು ಚೆಲ್ಲಿದವಳು

ಆ ನೀರಿನ ಟಾಕಿಯ ನಳ ತಿರುವಿದವಳು ನಾನು. ಬೇರೆ ಯಾರೂ ಅಲ್ಲ. ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿ, ನಮ್ಮನ್ನು ಮನೆಯವರ ಹಾಗೆ ಇಟ್ಟುಕೊಂಡಿದ್ದ ಮಾಲತಿಯ ಹಿತ್ತಲಲ್ಲಿ, ಅವರು ಬೇಸಿಗೆಗೆಂದು ಕಾಪಾಡಿಕೊಂಡಿದ್ದ ಮಳೆಯ ನೀರನ್ನೆಲ್ಲ ಮರಳಿಗೆ ಹರಿಬಿಟ್ಟವಳು ನಾನು. ಬಿಟ್ಟೆ — ಬಿಟ್ಟು ಸುಮ್ಮನೆ ಕುಳಿತೆ. ನನ್ನ ಕಣ್ಣೆದುರಿಗೇ ಮಾಲತಿ ಗಂಡನಿಂದ ಬೈಸಿಕೊಂಡಳು. ನನ್ನ ಕಣ್ಣೆದುರಿಗೇ ನನ್ನ ಮೊಮ್ಮಗಳು ಗೌರಿ ತಲೆ ತಗ್ಗಿಸಿದಳು. ನಾನು ಚಹಾ ಕುಡಿದೆ.

ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಈಗ ಯಾಕೆ ಹೊರಗೆ ಹಾಕುತ್ತಿದ್ದೇನೆ ಅಂದರೆ, ಈಗ ನನಗೆ ಖುಷಿ ಹೆಚ್ಚಾಗಿದೆ. ಖರೇ ಹೇಳುತ್ತೇನೆ, ಖುಷಿ ಹೆಚ್ಚಾದಾಗಲೇ ಒಳಗಿನ ಮುಳ್ಳು ಜಾಸ್ತಿ ಚುಚ್ಚುತ್ತದೆ. ಗೌರಿ ಧಾರವಾಡದ ಸಾಲೆಯೊಂದರಲ್ಲಿ ಮಾಸ್ತರಿಕೆಗೆ ಸೇರಿದ್ದಾಳೆ. ಮೊದಲ ದೊಡ್ಡ ರಜೆ ಬಂದ ಕೂಡಲೇ ಗೆಳತಿಯರ ಜೋಡಿ ಹೋಗುವುದು ಬಿಟ್ಟು, “ಆಯಿ, ನೀನು ನಾನು ಇಬ್ಬರ ಮತ್ತ ಅಂಡಮಾನಿಗೆ ಹೋಗೂಣು” ಅಂದಳು. ಅಜ್ಜಿಯಾದ ನನ್ನನ್ನು ಅವಳು ಆಯಿ ಎಂದೇ ಕರೆಯುವುದು. ಆ ಮಾತು ಕೇಳಿ ನಾನು ಓಣಿಯ ತುಂಬ ಹೇಳಿಕೊಂಡು ಬಂದೆ. ತರಕಾರಿ ಮಾರುವವಳಿಗೂ ಹೇಳಿದೆ. ಅಮ್ಮಿನಬಾವಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟವಳು ನಾನು. ನನ್ನ ಮೊಮ್ಮಗಳು ಇನ್ನೊಬ್ಬರ ಮಕ್ಕಳಿಗೆ ಪಾಟಿ ಹಿಡಿಸುತ್ತಾಳೆ, ಮೇಲೆ ನನ್ನನ್ನು ವಿಮಾನದಲ್ಲಿ ಕೂರಿಸುತ್ತಾಳೆ — ಇನ್ನೇನು ಬೇಕು?

ಆದರೆ ಆ ಖುಷಿಯ ಬೆನ್ನಿಗೇ ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು, ಹಿಂದಿನ ಸಲ ಅವಳು ಮನೆ ಆರಿಸಿದ ಪರಿ ಹೇಳಬೇಕು. ಇಲ್ಲದಿದ್ದರೆ ನಾನು ಏನು ಕೆಡಿಸಿದೆ ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

ಆಗ ಗೌರಿ ಕಾಲೇಜಿನಲ್ಲಿದ್ದಳು. ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ ಮಾಡುವ ನನ್ನ ಮಗ ಶಂಕರ — ಗೌರಿಯ ಅಪ್ಪ — ಒಮ್ಮೆ ಎಲ್ಲರೂ ಸಮುದ್ರ ನೋಡಿ ಬರೋಣ ಎಂದು ಮನಸ್ಸು ಮಾಡಿದ. ಅವನ ಲೆಕ್ಕದಲ್ಲಿ ದ್ವೀಪ ಅಂದರೆ ದೊಡ್ಡ ಹೋಟೆಲು, ಈಜುವ ಕೊಳ, ತಣ್ಣನೆಯ ಕೋಣೆ. ಗೌರಿ ಒಪ್ಪಲಿಲ್ಲ. “ಇರೋದು ನಾನು ಆರಸ್ತೇನಿ” ಅಂದಳು. ನಾನು ಅವರೆಕಾಳು ಬಿಡಿಸುತ್ತ ಕುಳಿತಿದ್ದೆ, ಅವಳು ಪಕ್ಕದಲ್ಲಿ ಕುಳಿತು ಒಂದೊಂದೇ ಜಾಗಕ್ಕೆ ಫೋನು ಹಚ್ಚಿದಳು. ಏನೇನು ಕೇಳಿದಳು ಅಂತೀರಿ! ನೀರು ಎಲ್ಲಿಂದ ಬರುತ್ತದೆ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಕಸ ಏನು ಮಾಡುತ್ತೀರಿ? ಅಡಿಗೆ ಮಾಡುವವರು ಆ ಊರಿನವರೋ, ಹೊರಗಿನಿಂದ ತಂದವರೋ? ಕಟ್ಟುವಾಗ ದಂಡೆಯ ಗಿಡ ಕಡಿದಿರಾ?

ಶಂಕರನಿಗೆ ನಗು ತಡೆಯಲಾಗಲಿಲ್ಲ. “ಏನಬೇ, ರೂಮ್ ನೋಡಾಕತ್ತೀಯೋ, ಗಂಡ ನೋಡಾಕತ್ತೀಯೋ? ಗಟಾರದ ನೀರು ಎಲ್ಲಿ ಹೋಗತೈತಿ ಅಂತ ಯಾರರ ಕೇಳ್ತಾರೇನು?”

“ಸಮುದ್ರಕ್ಕ ಹೋಗತೈತಿ ಅಂದ್ರ, ಅದರಾಗ ಮುಳುಗಿ ಏಳಾವ್ರು ನಾವ ಅಲ್ಲೇನಪ್ಪಾ?”

ನನಗೆ ಎದೆ ಉಬ್ಬಿತು. ನಮ್ಮ ಕಡೆ ಹೆಣ್ಣು ಕೊಡುವಾಗ ಹಿರಿಯರು ಹೀಗೆಯೇ ಮನೆತನ ನೋಡುತ್ತಿದ್ದರು — ಹಿತ್ತಲು ನೋಡಬೇಕು, ನೀರು ನೋಡಬೇಕು, ಆಳುಗಳು ಆ ಮನೆಯ ಬಗ್ಗೆ ಏನಂತಾರೆ ಕೇಳಬೇಕು. ಒಂದೆರಡು ದಿನ ಇದ್ದು ಬರುವ ಜಾಗಕ್ಕೂ ಹಾಗೆ ನೋಡಬೇಕು ಅನ್ನುವುದು ನನ್ನಂಥವಳಿಗೆ ಹೊಳೆದಿರಲಿಲ್ಲ. ಈ ಹುಡುಗಿಗೆ ಹೊಳೆಯಿತು.

ಅವಳು ಆರಿಸಿದ್ದು ಮಾಲತಿಯ ಮನೆ. ಬಿದಿರು ಕಟ್ಟಿದ ಎರಡು ಕೋಣೆ, ಮೇಲೆ ಗರಿ ಹೊದಿಸಿದ ಮಾಡು, ಕಿಟಕಿ ತೆರೆದರೆ ಸಮುದ್ರದ ಗಾಳಿ. ಮಾಲತಿಯ ಗಂಡ ಬಿಪಿನ್ ಹಗಲು ಹೊಲದಲ್ಲಿ, ಸಂಜೆ ಮನೆಯಲ್ಲಿ. ಬಚ್ಚಲ ನೀರು ಬಾಳೆಯ ಬುಡಕ್ಕೆ, ಕಸ ಗೊಬ್ಬರದ ಗುಂಡಿಗೆ. ನಾವು ಮೀನು ಮುಟ್ಟದವರು, ಲಿಂಗ ಕಟ್ಟಿದವರು ಎಂದು ಗೌರಿ ಮೊದಲೇ ಹೇಳಿದ್ದಕ್ಕೆ ಮಾಲತಿ ನಮಗೆಂದು ಬೇರೆ ಒಲೆ ಹೂಡಿದ್ದಳು, ಬೇರೆ ಪಾತ್ರೆ ಇಟ್ಟಿದ್ದಳು. ನಾನು ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಅವಳಿಗೆ ಕೊಟ್ಟೆ. ಕಟಕಟ ಕಡಿದು ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ನನ್ನ ಹೆಸರು ‘ರೊಟ್ಟಿ ಮಾ’. ನನ್ನ ಹುಬ್ಬಳ್ಳಿ ಹಿಂದಿ, ಅವಳ ದ್ವೀಪದ ಹಿಂದಿ — ಎರಡೂ ಕುಂಟುತ್ತ ಕುಂಟುತ್ತ ಹೇಗೋ ಕೂಡಿಕೊಂಡವು.

ಹೋದ ದಿನವೇ ಅವಳು ಹಿತ್ತಲಿನ ಸಿಮೆಂಟಿನ ಟಾಕಿ ತೋರಿಸಿದಳು. ಅಡಿಗೆಮನೆಯ ತಗಡಿನ ಮೇಲೆ ಬಿದ್ದ ಮಳೆ ಕೊಳವೆಯಲ್ಲಿ ಇಳಿದು ಟಾಕಿ ಸೇರುತ್ತಿತ್ತು. ಇದು ಹೋದ ಮಳೆಗಾಲದ ನೀರು, ಮುಂದಿನ ಮಳೆಗಾಲದ ತನಕ ಕುಡಿಯಲು, ಅಡಿಗೆಗೆ ಇದೇ — ಅಂದಳು. ಗೌರಿ ಅದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದಳು. ಹೇಳಿರಲಿಲ್ಲ ಅಂತ ನಾನು ಅನ್ನಲಾರೆ. ಹೇಳಿದ್ದರು. ಕೇಳಿಸಿಕೊಂಡಿದ್ದೆ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಒಂದೇ — ಇಷ್ಟು ಹಳೇ ನೀರೇ?

ಹುಬ್ಬಳ್ಳಿಯವರಿಗೆ ಇದು ತಿಳಿಯುತ್ತದೆ, ಬೇರೆಯವರಿಗೆ ಹೇಳಬೇಕು. ನಮ್ಮಲ್ಲಿ ನಳ ದಿನಾ ಬರುವುದಿಲ್ಲ, ವಾರಗಟ್ಟಲೆ ಕಾಯಬೇಕು. ಕೊಡ, ಹಂಡೆ, ಬ್ಯಾರಲ್ಲು, ಸಿಕ್ಕ ಸಿಕ್ಕದ್ದರಲ್ಲೆಲ್ಲ ತುಂಬಿಟ್ಟು ಹನಿ ಹನಿ ಜೋಪಾನ ಮಾಡುತ್ತೇವೆ. ಆದರೆ “ನಳ ಬಂತು!” ಎಂದು ಓಣಿಯಲ್ಲಿ ಕೂಗು ಎದ್ದಿತೋ, ಅಲ್ಲಿಯ ತನಕ ಬಂಗಾರದ ಹಾಗೆ ಕಾದ ನೀರು ಒಮ್ಮೆಲೇ ಹಳೇ ನೀರಾಗುತ್ತದೆ. ಬಾಗಿಲ ಮುಂದೆ ಚೆಲ್ಲುತ್ತೇವೆ, ಗಟಾರಕ್ಕೆ ಬಿಡುತ್ತೇವೆ, ಪಾತ್ರೆ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತೇವೆ. ಹಳೆಯದರ ಮೇಲೆ ಹೊಸದು ಹಾಕಿದವಳನ್ನು ಓಣಿಯ ಹೆಂಗಸರು ಮೈಗಳ್ಳಿ ಅನ್ನುತ್ತಾರೆ. ನಾನು ಸೊಸೆಯಾಗಿ ಬಂದ ದಿನದಿಂದ ಮೈಗಳ್ಳಿ ಅನಿಸಿಕೊಂಡವಳಲ್ಲ.

ಒಂದು ಬೆಳಗ್ಗೆ, ಎಲ್ಲರೂ ಮಲಗಿರುವಾಗ, ತಗಡಿನ ಮೇಲೆ ಧೋ ಎಂದು ಮಳೆ ಬಿತ್ತು. ಕಾಲವಲ್ಲದ ಕಾಲದ ಮಳೆ. ನಾನು ಸ್ನಾನ ಮುಗಿಸಿ ಹಿತ್ತಲಿಗೆ ಬಂದವಳು ನೋಡುತ್ತೇನೆ — ಕೊಳವೆಯಿಂದ ಹೊಸ ನೀರು ಹಳೇ ನೀರಿನಲ್ಲಿ ಬೀಳುತ್ತಿದೆ! ಜೀವ ತಡೆಯಲಿಲ್ಲ. ಟಾಕಿಯ ತಳದಲ್ಲಿ ಒಂದು ದಪ್ಪ ನಳವಿತ್ತು. ಹಿಂದಿನ ಸಂಜೆ ಮಾಲತಿ ಕೆಸರು ಹೋಗಲೆಂದು ಅದನ್ನು ಚೂರು ತೆರೆದು ಮತ್ತೆ ಮುಚ್ಚಿದ್ದನ್ನು ನೋಡಿದ್ದೆ. ನಾನು ಅದನ್ನು ಪೂರಾ ತಿರುವಿದೆ. ಪಾಪ, ಅವರಿಗೆ ಪುರಸೊತ್ತಿಲ್ಲ, ನಾನೇ ಹಳೇ ನೀರು ಕಳೆದು ಕೊಡೋಣ ಅಂದುಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಒಳಗೆ ಹೋಗಿ ಲಿಂಗಪೂಜೆಗೆ ಕುಳಿತೆ.

ಪೂಜೆ ಮುಗಿಸಿ ಎದ್ದಾಗ ಮಳೆಯ ಸದ್ದಿರಲಿಲ್ಲ. ಹೊರಗೆ ಬಿಸಿಲು. ಟಾಕಿಯ ಬಾಯಿಗೆ ಇಣುಕಿದೆ — ತಳ ಕಾಣುತ್ತಿತ್ತು. ಹರಿದು ಹೋದ ನೀರನ್ನು ಮರಳು ಕುಡಿದುಬಿಟ್ಟಿತ್ತು, ನೆಲದ ಮೇಲೆ ಒಂದು ಹೊಂಡ ಕೂಡ ಉಳಿದಿರಲಿಲ್ಲ. ನಳದಿಂದ ಇನ್ನೂ ಸಣ್ಣಗೆ ಎಳೆ ಇಳಿಯುತ್ತಿತ್ತು. ಅದನ್ನು ಮುಚ್ಚಲು ಕೈ ಚಾಚಿದೆ, ಅಷ್ಟರಲ್ಲಿ ಅಡಿಗೆಮನೆಯ ಬಾಗಿಲು ಕಿರ್ ಅಂದಿತು. ನಾನು — ಮುಚ್ಚಲಿಲ್ಲ. ಸೆರಗು ಹೊದ್ದು ಕೋಣೆಗೆ ಬಂದುಬಿಟ್ಟೆ.

ಆಮೇಲೆ ಬಿಪಿನ್ ಹಿತ್ತಲಿನಲ್ಲಿ ಕೂಗಾಡಿದ. ಅವರ ಭಾಷೆ ನನಗೆ ಬಾರದು, ಆದರೆ ಬೈಗುಳ ತಿಳಿಯಲು ಭಾಷೆ ಬೇಕಿಲ್ಲ. ಮಾಲತಿ ಎರಡೂ ಕೈಯಿಂದ ಆ ನಳ ಹಿಡಿದು ನಿಂತಿದ್ದಳು. ಹಿಂದಿನ ಸಂಜೆ ಅವಳೇ ಮುಚ್ಚಲು ಮರೆತಳೆಂದು ಅವನು ತಿಳಿದಿದ್ದ. ಶಂಕರ ನನ್ನ ಪಕ್ಕ ಬಂದು ನಿಂತು ಮಗಳನ್ನು ಬೈಯತೊಡಗಿದ.

“ನೋಡಿದೆಲ್ಲ ಗೌರಿ? ಹುಬ್ಬಳ್ಳಿ ನಳಕ್ಕ ಬ್ಯಾಸತ್ತು ಇಲ್ಲಿಗೆ ಬಂದ್ರ ಇಲ್ಲೂ ಅದ ಕತಿ. ಗಟಾರ ಎಲ್ಲಿ ಹೋಗತೈತಿ ಕೇಳಿದಿ, ನೀರು ಎಲ್ಲಿಂದ ಬರತೈತಿ ಕೇಳಲಿಲ್ಲ!”

“ಕೇಳಿದ್ದೆನಪ್ಪಾ…” ಅಂದಳು ಗೌರಿ. ತಲೆ ತಗ್ಗಿಸಿದಳು. ಆ ಗಳಿಗೆಯಲ್ಲಿ ನಾನು ಬಾಯಿ ಬಿಟ್ಟಿದ್ದರೆ — ಒಂದೇ ಮಾತು ಸಾಕಿತ್ತು.

ಅದೇ ದಿನ ನಾವು ದೊಡ್ಡ ಹೋಟೆಲಿಗೆ ಹೋದೆವು. ಹೊರಡುವಾಗ ಮಾಲತಿ ಮಣ್ಣಿನ ಗಡಿಗೆಯಲ್ಲಿ ಉಳಿದಿದ್ದ ನೀರನ್ನು ಒಂದು ತಂಬಿಗೆಗೆ ಬಗ್ಗಿಸಿ ನನ್ನ ಕೈಗಿತ್ತಳು, ದಾರಿಯಲ್ಲಿ ಪೂಜೆಗೆ ಬೇಕಾದೀತು ಅಂತ. ನಾನು ತೆಗೆದುಕೊಂಡೆ. ಅದೂ ಹೇಳಿಬಿಡುತ್ತೇನೆ — ತೆಗೆದುಕೊಂಡೆ. ಆ ಹೋಟೆಲಿಗೆ ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ, ಹಳ್ಳಿಯ ಬಾವಿಯಿಂದ. ಗೌರಿ ಅದನ್ನು ಕಿಟಕಿಯಿಂದ ನೋಡಿದಳು, ಕೊಳದಲ್ಲಿ ಇಳಿಯಲಿಲ್ಲ. ನಾನು ಬಿಸಿನೀರಿನಲ್ಲಿ ಮೀಯುತ್ತಿದ್ದೆ. ಶಂಕರ ಫೋನಿನಲ್ಲಿ ಮಾಲತಿಯ ಮನೆಯ ಬಗ್ಗೆ ‘ನೀರೇ ಇಲ್ಲದ ಜಾಗ, ಯಾರೂ ಹೋಗಬೇಡಿ’ ಎಂದು ಬರೆದು ಹಾಕಿದ.

ಊರಿಗೆ ಬಂದ ಮೇಲೆ ಗೌರಿ ಬದಲಾದಳು. ಅಷ್ಟು ಪ್ರಶ್ನೆ ಕೇಳುತ್ತಿದ್ದ ಹುಡುಗಿ, ಯಾವ ಊರಿಗೆ ಹೋಗುವುದಿದ್ದರೂ “ನೀವ ಆರಿಸ್ರಿ, ನನಗ ತಿಳ್ಯಾಂಗಿಲ್ಲ” ಅನ್ನತೊಡಗಿದಳು. ಮನೆಯವರು ಬುದ್ಧಿ ಬಂತು ಅಂದರು. ಬಂದದ್ದೇನು, ಹೋದದ್ದೇನು — ನನಗೊಬ್ಬಳಿಗೆ ಗೊತ್ತಿತ್ತು.

ಈಗ, ನಾನು ಓಣಿಯ ತುಂಬ ಖುಷಿ ಹಂಚಿ ಬಂದ ಸಂಜೆ, ಅವಳು ಹೇಳಿದ ಇನ್ನೊಂದು ಮಾತು ಇದು. “ಆಯಿ, ಈ ಸಲ ನಾ ಏನೂ ಆರಿಸಾಂಗಿಲ್ಲ. ದೊಡ್ಡ ಹೋಟೆಲ್ ಹಿಡಿದುಬಿಡ್ತೇನಿ. ನಿನಗ ಮತ್ತ ನೀರಿನ ತ್ರಾಸ ಆಗಬಾರದು.”

ನನಗಾಗಿ. ನನಗೆ ತ್ರಾಸ ಆಗಬಾರದೆಂದು ಅವಳು ತನ್ನ ಮನಸ್ಸಿಗೆ ಒಪ್ಪದ ಮನೆಯಲ್ಲಿ ಇಳಿಯಲು ಹೊರಟಿದ್ದಳು. ಇನ್ನು ಹೇಗೆ ಸುಮ್ಮನಿರಲಿ?

“ಗೌರೀ, ಆ ನೀರು ನಾ ಬಿಟ್ಟದ್ದವಾ” ಅಂದೆ.

ಚೇಷ್ಟೆ ಅಂದುಕೊಂಡು ನಕ್ಕಳು. ನನ್ನ ಮುಖ ನೋಡಿ ನಗು ನಿಂತಿತು. “ಯಾಕ ಬಿಟ್ಟಿ?”

“ಹೊಸಾ ನೀರು ಬರಾಕತ್ತಿತ್ತು. ಇದು ಹಳೇ ನೀರು ಅಂತ…”

“ಹಳೇ ನೀರು!” ಎದ್ದು ನಿಂತಳು. ಗೋಡೆಯ ಕಡೆ ತಿರುಗಿ ಮೆಲ್ಲಗೆ ಅಂದಳು: “ನಾ ಆರಿಸಿದ್ದ ತಪ್ಪು ಅಂತ ತಿಳಿದು, ಇಷ್ಟು ವರ್ಷ ನನ್ನ ಬುದ್ಧಿ ಮ್ಯಾಲ ನನಗ ನಂಬಿಕಿ ಹೋಗಿತ್ತು, ಆಯಿ.”

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮರುದಿನ ಬೆಳಗ್ಗೆ ಫೋನು ಹಿಡಿದುಕೊಂಡು ಬಂದು ನನ್ನ ಮುಂದೆ ಕುಳಿತಳು. “ನನಗ ಹೇಳಿದ್ದು ಆತು. ಈಗ ಅಕಿಗೆ ಹೇಳು” ಅಂದಳು. ನನ್ನ ಮೊಮ್ಮಗಳ ದೊಡ್ಡತನ ನೋಡಿರಿ. ತನ್ನ ಸಿಟ್ಟು ತನ್ನಲ್ಲೇ ಇಟ್ಟುಕೊಂಡು, ಯಾರಿಗೆ ಏನು ಸಲ್ಲಬೇಕೋ ಅದನ್ನು ಮೊದಲು ನೆನೆದಳು. ಅಷ್ಟು ದೊಡ್ಡ ಮನಸ್ಸು ನನಗೆ ಈ ವಯಸ್ಸಿಗೂ ಬಂದಿಲ್ಲ.

“ರೊಟ್ಟಿ ಮಾ!” ಎಂದು ಆ ಕಡೆಯಿಂದ ಮಾಲತಿ ಕೂಗಿದಳು. ಕುಂಟು ಹಿಂದಿಯಲ್ಲೇ ಹೇಳಿದೆ — ಆ ನೀರು ಬಿಟ್ಟವಳು ನಾನು, ನೀನಲ್ಲ, ನೀನು ಮುಚ್ಚಿದ್ದೆ, ನಾನು ತೆರೆದೆ.

ಅದಕ್ಕೆ ಅವಳು ಅಂದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. “ಮಾ, ಅವತ್ತಿನಿಂದ ಮಲಗುವ ಮುಂಚೆ ಹಿತ್ತಲಿಗೆ ಹೋಗಿ ಆ ನಳ ಮುಟ್ಟಿ ನೋಡಿ ಬರುತ್ತೇನೆ. ನೋಡಿ ಬಂದರೂ ನಂಬಿಕೆ ಆಗದೆ ಮತ್ತೆ ಹೋಗುತ್ತೇನೆ. ಇವರು ಇವತ್ತಿಗೂ ಕೇಳುತ್ತಾರೆ, ಮುಚ್ಚಿದಿಯಾ ಅಂತ. ನಾನೇ ಮರೆತೆ ಅಂದುಕೊಂಡಿದ್ದೆ.”

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಕ್ಷಮಿಸು ಎಂದು ಕೇಳುವ ಬಾಯಿ ನನಗೂ ಇರಲಿಲ್ಲ. “ಗಂಡನಿಗೆ ನಾನೇ ಹೇಳಲೇನು?” ಎಂದು ಕೇಳಿದೆ. ಬಿಪಿನ್ ಹೊಲದಲ್ಲಿದ್ದಾನೆ, ಸಂಜೆ ಫೋನು ಮಾಡಿರಿ ಅಂದಳು.

ನಾನು ಮಾಡಲಿಲ್ಲ. ಅಂಜಿಕೆಯಿಂದಲ್ಲ. ಮಾಲತಿ ಬೈಸಿಕೊಂಡದ್ದು ಎಲ್ಲರ ಎದುರಿಗೆ. ನಾನು ಮಾತ್ರ ಹುಬ್ಬಳ್ಳಿಯಲ್ಲಿ ಕುಳಿತು ಫೋನಿನಲ್ಲಿ ಗುಟ್ಟಾಗಿ ಹೇಳಿ ಕೈ ತೊಳೆದುಕೊಳ್ಳುವುದು ಯಾವ ನ್ಯಾಯ? ಶಂಕರನಿಗೆ ಎಲ್ಲ ಹೇಳಿದೆ. ಅವನು ತಲೆ ಎತ್ತದೆ ಫೋನು ತೆಗೆದು ತಾನು ಬರೆದದ್ದನ್ನು ಅಳಿಸಿದ. “ಅಷ್ಟಕ್ಕ ಮುಗೀಲಿಲ್ಲಪ್ಪಾ, ನೀನೂ ಬರಬೇಕು” ಅಂದೆ. “ಬರ್ತೇನಬೇ” ಅಂದ.

ಗೌರಿ ದೊಡ್ಡ ಹೋಟೆಲು ಬೇಡವೆಂದಳು, ಮಾಲತಿಯ ಕೋಣೆ ಕೇಳಿದಳು. ಕೇಳುವಾಗ, ಈಗ ಟಾಕಿಯಲ್ಲಿ ನೀರು ಎಷ್ಟಿದೆ, ಮೂವರು ಬಂದರೆ ನಿಮಗೆ ಕಡಿಮೆ ಬೀಳುವುದಿಲ್ಲವೇ, ಮಳೆಗಾಲ ಕಳೆದ ಮೇಲೇ ಬರಲೇ — ಒಂದರ ಮೇಲೊಂದು ಪ್ರಶ್ನೆ. ಅವಳ ದನಿ ಕೇಳುತ್ತ ನಾನು ಬಾಗಿಲ ಹಿಂದೆ ನಿಂತು ಅತ್ತೆ. ಮಳೆಗಾಲ ಕಳೆದ ಮೇಲೆ ಬನ್ನಿ ಅಂದಿದ್ದಾಳೆ ಮಾಲತಿ.

ಹೋಗುತ್ತೇವೆ. ಆ ಹಿತ್ತಲಿನಲ್ಲಿ, ಬಿಪಿನ್ ಎದುರಿಗೆ, ನನ್ನ ಮಗನ ಎದುರಿಗೆ, ಮಾಲತಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೇಳಬೇಕು — ಇವಳು ಮುಚ್ಚಿದ್ದಳು. ನನ್ನ ಹಿಂದಿ ಅವನಿಗೆ ತಿಳಿಯದಿದ್ದರೆ ಗೌರಿ ನಡುವೆ ಬಾಯಿ ಹಾಕುವುದು ಬೇಡ ಎಂದು ಈಗಲೇ ಹೇಳಿಟ್ಟಿದ್ದೇನೆ. ತಿಳಿಯುವ ತನಕ ನಾನೇ ಹೇಳುತ್ತೇನೆ.